ಎರಡು ನಿಮಿಷದ ದೆವ್ವಕ್ಕೆ ಎರಡು ತಿಂಗಳ ತಯಾರಿ

ರಾತ್ರಿ ಊಟ ಮುಗಿಸಿ ಮೊಬೈಲಲ್ಲಿ ಒಂದು ದೆವ್ವದ ಸಿನಿಮಾ ಹಾಕ್ತೀರಿ. ಎರಡು ನಿಮಿಷದಲ್ಲಿ ಹಿಡಿಸಲಿಲ್ಲ ಅಂದ್ರೆ ಬ್ಯಾಕ್ ಒತ್ತಿ ಮುಂದಿನದಕ್ಕೆ ಹೋಗ್ತೀರಿ. ನಿರ್ದೇಶಕ ಮೂರು ವರ್ಷ ಕಷ್ಟಪಟ್ಟಿರಲಿ, ನಿರ್ಮಾಪಕ ಮನೆ ಅಡ ಇಟ್ಟಿರಲಿ, ನಿಮ್ಮ ಹೆಬ್ಬೆರಳಿಗೆ ಅದ್ಯಾವುದೂ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ಆ ಎರಡು ನಿಮಿಷವನ್ನೇ ಒಂದು ಪಾಠ ಮಾಡಿದ್ದರು. ಓಸಿಆರ್ ಎಂಬ ಪರೀಕ್ಷಾ ಮಂಡಳಿಯ ಮೀಡಿಯಾ ಸ್ಟಡೀಸ್‌ನಲ್ಲಿ, ನಮ್ಮ ಪಿಯುಸಿ ವಯಸ್ಸಿನ ಮಕ್ಕಳು ಒಂದು ಹೊಸ ಸಿನಿಮಾದ ಟೈಟಲ್ ಮತ್ತು ಆರಂಭವನ್ನು ಮಾತ್ರ ಮಾಡಿ ಕೊಡಬೇಕಿತ್ತು. ಹೆಚ್ಚೆಂದರೆ ಎರಡು ನಿಮಿಷ. ನೂರು ಅಂಕದಲ್ಲಿ 60 ದೃಶ್ಯಕ್ಕೆ, 20 ಸಂಶೋಧನೆ ಮತ್ತು ಯೋಜನೆಗೆ, ಉಳಿದ 20 ತಮ್ಮ ಕೆಲಸವನ್ನು ತಾವೇ ವಿಮರ್ಶಿಸಿಕೊಂಡದ್ದಕ್ಕೆ. ಉಳಿದ ಸಿನಿಮಾ ಇರುವುದೇ ಇಲ್ಲ. ಆದರೆ ನೋಡಿದವರಿಗೆ ಇದೆ ಅನ್ನಿಸಬೇಕು.

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಿಷುವಲ್ ಕಮ್ಯುನಿಕೇಶನ್ ಓದುತ್ತಿದ್ದಾಳೆ. ಅವಳ ತಂಡಕ್ಕೂ ಇಂಥದ್ದೇ ಕೆಲಸ ಬಂತು: ಸೂಪರ್‌ನ್ಯಾಚುರಲ್ ಥ್ರಿಲ್ಲರ್ ಒಂದರ ಆರಂಭ. ‘ಚಿಕ್ಕಿ, ನೀವು ಬರೀತೀರಲ್ಲ, ಸ್ಕ್ರಿಪ್ಟ್ ನೋಡಿ’ ಅಂತ ಮೊದಲ ಕರಡು ಕಳಿಸಿದಳು. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು, ಕಪ್ಪು ಬೆಕ್ಕು, ತಾನಾಗಿ ತೂಗುವ ಉಯ್ಯಾಲೆ. ಎರಡು ನಿಮಿಷದಲ್ಲಿ ಐವತ್ತು ವರ್ಷದ ಸಿನಿಮಾ ದೆವ್ವಗಳೆಲ್ಲ ಒಮ್ಮೆಗೇ ಹಾಜರಿ ಹಾಕಿದ್ದವು. ಪಾಪ, ಉಸಿರಾಡಲೂ ಜಾಗವಿರಲಿಲ್ಲ.

ಹಾರರ್‌ಗೂ ಥ್ರಿಲ್ಲರ್‌ಗೂ ವ್ಯತ್ಯಾಸ ಇರುವುದು ಇಲ್ಲೇ. ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಗೊತ್ತಲ್ಲ? ಬಾಂಬ್ ಏಕಾಏಕಿ ಸಿಡಿದರೆ ಪ್ರೇಕ್ಷಕ ಹದಿನೈದು ಸೆಕೆಂಡ್ ಬೆಚ್ಚುತ್ತಾನೆ. ಅದು ಅಲ್ಲಿದೆ ಅಂತ ಅವನಿಗೆ ಮೊದಲೇ ಗೊತ್ತಿದ್ದು, ಮೇಜಿನ ಮುಂದೆ ಕೂತವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷ ಕುರ್ಚಿಯ ಅಂಚಿನಲ್ಲಿ ಕೂರುತ್ತಾನೆ. ದೆವ್ವವನ್ನು ತೋರಿಸಿದರೆ ಸಿಗುವುದು ಮೊದಲನೆಯದು. ಥ್ರಿಲ್ಲರ್‌ಗೆ ಬೇಕಿರುವುದು ಎರಡನೆಯದು.

ಹಾಗಾಗಿ ಮೊದಲ ಎರಡು ವಾರ ಕ್ಯಾಮೆರಾ ಮುಟ್ಟದೆ ಬರೀ ನೋಡಿದರು. ನೋಡುವುದು ಅಂದರೆ ಪಾಪ್‌ಕಾರ್ನ್ ಹಿಡಿದುಕೊಂಡಲ್ಲ. ನಿಲ್ಲಿಸಿ ನಿಲ್ಲಿಸಿ ಶಾಟ್ ಎಣಿಸಿಕೊಂಡು. ಮನೋಜ್ ಶ್ಯಾಮಲನ್ ಅವರ ‘ದ ಸಿಕ್ಸ್ತ್ ಸೆನ್ಸ್’ (1999) ಶುರುವಾಗುವುದು ಕತ್ತಲಲ್ಲಿ ನಿಧಾನಕ್ಕೆ ಕೆಂಪಗಾಗುವ ಒಂದು ಬಲ್ಬಿನಿಂದ. ಹೆಂಡತಿ ವೈನ್ ತರಲು ನೆಲಮಾಳಿಗೆಗೆ ಇಳಿಯುತ್ತಾಳೆ, ಚಳಿಯಾದಂತೆ ನಡುಗುತ್ತಾಳೆ, ಬೇಗ ಬೇಗ ಹತ್ತಿ ಬರುತ್ತಾಳೆ. ಅಷ್ಟೇ. ಅಲ್ಲಿ ಏನೂ ಇಲ್ಲ, ಆದರೆ ಏನೋ ಇದೆ. ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಒಬ್ಬ ಕೊಲೆಗಾರನ ಕಣ್ಣಿನಿಂದಲೇ ಮನೆಯೊಳಗೆ ನುಗ್ಗಿ, ಕೊನೆಗೆ ಮುಖವಾಡ ಕಿತ್ತಾಗ ಆರು ವರ್ಷದ ಹುಡುಗನನ್ನು ತೋರಿಸುತ್ತದೆ.

ದುಡ್ಡಿಲ್ಲ ಅಂತ ಗೊಣಗಿದ ಹುಡುಗನಿಗೆ ಸ್ಯಾಮ್ ರೈಮಿ ಕಥೆ ಹೇಳಿದೆ. ಆತ ಗೆಳೆಯರ ಜೊತೆ ಸೇರಿ ಸುಮಾರು 1600 ಡಾಲರ್‌ನಲ್ಲಿ ‘ವಿದಿನ್ ದ ವುಡ್ಸ್’ ಎಂಬ ಕಿರುಚಿತ್ರ ಮಾಡಿ, ಅದನ್ನೇ ಹಣ ಹಾಕುವವರಿಗೆ ತೋರಿಸಿ ‘ದ ಇವಿಲ್ ಡೆಡ್’ (1981) ತೆಗೆದ. ಕಾಡಿನಲ್ಲಿ ನುಗ್ಗುವ ದೆವ್ವದ ನೋಟಕ್ಕೆ ದುಬಾರಿ ಸಲಕರಣೆ ಇರಲಿಲ್ಲ. ಒಂದು ಮರದ ಹಲಗೆಗೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಓಡಿದರು.

ನಮ್ಮವೇ ಉದಾಹರಣೆ ಬೇಕಿದ್ದರೆ ಪವನ್ ಕುಮಾರ್ ಅವರ ‘ಯು ಟರ್ನ್’ (2016) ಇದೆ. ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಬೈಕ್ ತಿರುಗಿಸಿಕೊಳ್ಳುವವರನ್ನು ಬೆಂಗಳೂರಿನಲ್ಲಿ ಯಾರು ತಾನೇ ನೋಡಿಲ್ಲ? ಆ ಚಿಕ್ಕ ತಪ್ಪಿನಲ್ಲೇ ಒಂದು ಸಾವನ್ನು, ಅದರ ಹಿಂದೆ ಇನ್ನೊಂದನ್ನು ಅವರು ಕಂಡರು. ದೆವ್ವ ದೂರದ ಬಂಗಲೆಯಿಂದ ಬರಬೇಕಿಲ್ಲ, ದಿನಾ ಆಫೀಸಿಗೆ ಹೋಗುವ ದಾರಿಯಲ್ಲೂ ಸಿಗಬಹುದು.

ಅಲ್ಲಿಂದಲೇ ಹುಡುಗರಿಗೆ ‘ನಾಳೆ ಬಾ’ ನೆನಪಾಯಿತು. 1990ರ ದಶಕದಲ್ಲಿ ಬೆಂಗಳೂರಿನ ಬೀದಿ ಬೀದಿಯಲ್ಲಿ ಬಾಗಿಲ ಮೇಲೆ ಕಾಣುತ್ತಿದ್ದ ಎರಡು ಪದ. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು. ಬರಹ ಓದಿದರೆ ವಾಪಸ್ ಹೋಗಿ ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. (ದೆವ್ವಕ್ಕೂ ಕನ್ನಡ ಓದಲು ಬರುತ್ತಿದ್ದ ಕಾಲ ಅದು.) 2018ರ ಹಿಂದಿಯ ‘ಸ್ತ್ರೀ’ ಇದೇ ಕಥೆಯನ್ನು ಚಂದೇರಿಗೆ ಒಯ್ದು ನಗಿಸಿ ಹೆದರಿಸಿತು. ಹಾಗಾದರೆ ಉಳಿದದ್ದೇನು? ಹುಡುಗರು ಇಂಟರ್‌ನೆಟ್ ಜಾಲಾಡಿದರು. ಎಲ್ಲ ಕಡೆ ಅದೇ ನಾಲ್ಕು ಸಾಲು.

‘ಮನೇಲೇ ಒಬ್ಬರಿದ್ದಾರಲ್ಲೇ, ಅವರನ್ನು ಕೇಳಿದ್ಯಾ?’ ಅಂದೆ.

ನಮ್ಮಮ್ಮ ಆಗ ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನಮ್ಮಿಬ್ಬರನ್ನು ಕಟ್ಟಿಕೊಂಡು ಇರುತ್ತಿದ್ದಳು. ಅಪ್ಪನಿಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು, ಬರುವಾಗ ಹನ್ನೊಂದು ದಾಟುತ್ತಿತ್ತು. ಮೊಮ್ಮಗಳು ಮೊಬೈಲ್ ರೆಕಾರ್ಡರ್ ಮುಂದಿಟ್ಟು, ‘ಅಜ್ಜಿ, ದೆವ್ವಕ್ಕೆ ಭಯ ಆಗ್ತಿತ್ತಾ?’ ಅಂತ ಕೇಳಿದಳು.

‘ದೆವ್ವಕ್ಕಲ್ಲ ಪುಟ್ಟಿ. ಬಾಗಿಲು ಬಡಿದಾಗ ತೆಗೀದೇ ಇದ್ರೆ, ನಿಜವಾಗ್ಲೂ ನಿಮ್ಮಜ್ಜನೇ ಆಗಿದ್ರೆ? ದುಡಿದು ಹಸಿದು ಬಂದಿರ್ತಾರೆ, ಮಳೇಲಿ ನಿಂತಿರ್ತಾರೆ. ತೆಗೆದರೆ ಒಂದು ಭಯ, ತೆಗೀದಿದ್ರೆ ಒಂದು ಭಯ.’

ಆಮೇಲೆ, ಕಾಫಿ ಕುಡಿಯುತ್ತಾ, ಯಾರೂ ಕೇಳದೆಯೇ ಇನ್ನೊಂದು ಮಾತು ಹೇಳಿದಳು. ‘ಅವರು ಒಂದು ದಿನಾನೂ ನನ್ನ ಹೆಸರು ಹಿಡಿದು ಕರೆದವರಲ್ಲ. ಏನೇ ಅನ್ನೋರು, ಅಷ್ಟೇ. ಹೊರಗಿಂದ ಯಾರಾದ್ರೂ ಹೆಸರು ಕೂಗಿದ್ರೆ, ಅದು ಅವರಲ್ಲ ಅಂತ ನಂಗೆ ಗೊತ್ತಾಗ್ತಿತ್ತು.’

ಇಂಥದ್ದು ಯಾವ ಸರ್ಚ್‌ನಲ್ಲಿ ಸಿಗುತ್ತೆ ಹೇಳಿ! ಒಂದೇ ಸಂಜೆಯಲ್ಲಿ ಸ್ಕ್ರಿಪ್ಟ್ ಬದಲಾಯಿತು. ಕಪ್ಪು ಪರದೆ, ಮೇಲೆ ಹೆಸರುಗಳು. ಗಂಡಸಿನ ದನಿ ಮಾತ್ರ: ‘ಏನೇ, ಬಾಗಿಲು ಹಾಕ್ಕೋ.’ ಸೈಕಲ್ ಬೆಲ್ ದೂರವಾಗುತ್ತದೆ. ಹೆಂಗಸಿನ ಕೈ ಬಾಗಿಲ ಹೊರಮೈ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತದೆ, ಒಳಗೆ ಹೋಗಿ ಚಿಲಕ ಹಾಕುತ್ತದೆ. ಗಡಿಯಾರ. ಮಲಗಿದ ಮಗು. ಹೊರಗೆ ಮಳೆ ಶುರುವಾಗಿ ಇರಚಲು ಬಾಗಿಲಿಗೆ ಹೊಡೆಯುತ್ತದೆ, ಅಕ್ಷರ ಕರಗಿ ಇಳಿಯುತ್ತದೆ. ಇದು ನಮಗೆ ಗೊತ್ತು, ಒಳಗಿರುವವಳಿಗೆ ಗೊತ್ತಿಲ್ಲ. ಹಿಚ್‌ಕಾಕನ ಬಾಂಬ್ ಅಲ್ಲಿದೆ. ಬಾಗಿಲು ಬಡಿಯುತ್ತದೆ. ಅವಳು ಎದ್ದು ಬಂದು ಚಿಲಕಕ್ಕೆ ಕೈ ಹಾಕುತ್ತಾಳೆ. ಹೊರಗಿಂದ ಅದೇ ಗಂಡನ ದನಿ: ‘ಸಾವಿತ್ರಿ, ಬಾಗಿಲು ತೆಗಿ.’ ಕೈ ನಿಲ್ಲುತ್ತದೆ. ಟೈಟಲ್.

ದೆವ್ವ ಎಲ್ಲೂ ಇಲ್ಲ. ಬಿಳಿ ಸೀರೆ ಬಾಡಿಗೆಯೂ ಉಳಿಯಿತು.

ಇದಾದ ಮೇಲೆ ಬಂದದ್ದು ಚಿಲ್ಲರೆ ಅನ್ನಿಸುವ, ಆದರೆ ಸಿನಿಮಾವನ್ನೇ ಮುಳುಗಿಸಬಲ್ಲ ಕೆಲಸಗಳು. ಎಣ್ಣೆ ಬಣ್ಣದ ಬಾಗಿಲ ಮೇಲೆ ಸೀಮೆಸುಣ್ಣ ಜಾರುತ್ತದೆ, ಬಣ್ಣ ಮಾಸಿದ ಹಳೇ ಮರ ಹಿಡಿದುಕೊಳ್ಳುತ್ತದೆ. ಮೇಲೆ ಸಜ್ಜೆ ಇದ್ದರೆ ಮಳೆ ಬೀಳುವುದೇ ಇಲ್ಲ. ಹಾಗಾಗಿ ಸಜ್ಜೆ ಇಲ್ಲದ ಹಳೇ ಬಾಗಿಲಿಗಾಗಿ ಮೂರು ಭಾನುವಾರ ಅಲೆದರು. ಮಳೆಗೆ ಗಿಡಕ್ಕೆ ನೀರು ಹಾಕುವ ಕ್ಯಾನು. ಬೀದಿದೀಪ ಈಗ ಬಿಳಿ ಎಲ್‌ಇಡಿ, ಆಗ ಸೋಡಿಯಂ ದೀಪದ ಹಳದಿ. ಹಾಗಾಗಿ ಲೈಟಿಗೆ ಕಿತ್ತಳೆ ಬಣ್ಣದ ಹಾಳೆ. ಗೋಡೆಗೆ ಕ್ಯಾಲೆಂಡರ್ ಬೇಕಲ್ಲ, ಅದಕ್ಕೊಂದು ಮಜವಾದ ಪರಿಹಾರ ಸಿಕ್ಕಿತು: 1996 ಮತ್ತು 2024 ಎರಡರಲ್ಲೂ ತಾರೀಖು-ವಾರ ಒಂದೇ. ಇಸವಿ ಮುಚ್ಚಿದರೆ ಸಾಕು. ಅಮಾವಾಸ್ಯೆ, ಹಬ್ಬ ಮಾತ್ರ ಹೊಂದುವುದಿಲ್ಲ, ಅದಕ್ಕೇ ಹತ್ತಿರದಿಂದ ತೋರಿಸುವುದಿಲ್ಲ.

ಮೊಬೈಲಲ್ಲಿ ಶೂಟ್ ಮಾಡುವವರಿಗೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಕೆಳಗೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಂಡರೆ ಮಿಣುಕುವ ಪಟ್ಟೆಗಳು ಕಾಡುವುದಿಲ್ಲ. ಎಕ್ಸ್‌ಪೋಶರ್ ಲಾಕ್ ಮಾಡಿ, ಇಲ್ಲದಿದ್ದರೆ ಫೋನ್ ಬುದ್ಧಿವಂತಿಕೆ ತೋರಿಸಿ ಕತ್ತಲನ್ನು ಬೆಳಗಿಸಲು ಹೋಗಿ ಚಿತ್ರದ ತುಂಬಾ ಚುಕ್ಕೆ ತುಂಬುತ್ತದೆ. ಶಬ್ದವನ್ನು ಬೇರೆಯಾಗಿ ಹಿಡಿಯಿರಿ. ಚಿಲಕದ ಸದ್ದು, ಸೀಮೆಸುಣ್ಣದ ಕಿರ್ ಸದ್ದು, ಜೊತೆಗೆ ಯಾರೂ ಮಾತಾಡದ ಕೋಣೆಯ ಬರೀ ಮೌನ, ಕನಿಷ್ಠ ಅರ್ಧ ನಿಮಿಷ. ಎಡಿಟಿಂಗ್‌ನಲ್ಲಿ ಆ ಮೌನಕ್ಕೆ ಎಷ್ಟು ಬೆಲೆ ಅಂತ ಗೊತ್ತಾಗುತ್ತದೆ.

ಯೋಜನೆಯಲ್ಲಿ ಬಹಳ ಜನ ಬಿಟ್ಟೇ ಬಿಡುವ ಪುಟ ಒಂದಿದೆ: ನಮ್ಮ ದೆವ್ವ ಯಾರಿಗೆ ನೋವು ಮಾಡಬಹುದು? ಬ್ರಿಟನ್ನಿನ ಆ ಪರೀಕ್ಷೆಯಲ್ಲೂ, ನಿಮ್ಮ ಚಿತ್ರ ಸಮಾಜದ ಗುಂಪುಗಳನ್ನು ಹೇಗೆ ತೋರಿಸುತ್ತದೆ ಎಂಬ ಪ್ರಶ್ನೆ ಕಡ್ಡಾಯವಾಗಿ ಇತ್ತು. ತಂಡದ ಒಬ್ಬನಿಗೆ ‘ಕಾಂತಾರ’ ನೋಡಿದಾಗಿನಿಂದ ದೈವದ ವೇಷ ತರಬೇಕೆಂಬ ಆಸೆ. ಮಂಗಳೂರಿನ ಸಹಪಾಠಿ ಒಂದೇ ಮಾತಲ್ಲಿ ನಿಲ್ಲಿಸಿದಳು: ‘ನೀವು ಭೂತ ಅಂದ್ರೆ ದೆವ್ವ ಅಂದ್ಕೊಂಡಿದ್ದೀರಿ. ನಮ್ಮನೇಲಿ ಅದಕ್ಕೆ ಕೈ ಮುಗೀತೀವಿ.’ ಇನ್ನೊಬ್ಬ, ನಡುರಾತ್ರಿ ರಸ್ತೆಯಲ್ಲಿ ವೇಷ ಹಾಕಿ ಜನರ ನಿಜವಾದ ಭಯ ಶೂಟ್ ಮಾಡೋಣ ಅಂದ. 2019ರ ನವೆಂಬರ್‌ನಲ್ಲಿ ಯಶವಂತಪುರದ ಆಸುಪಾಸು ಹೀಗೇ ದೆವ್ವದ ವೇಷದಲ್ಲಿ ಪ್ರ್ಯಾಂಕ್ ವಿಡಿಯೋ ಮಾಡಲು ಹೋದ ಏಳು ಯುವಕರನ್ನು ಪೊಲೀಸರು ಬಂಧಿಸಿದ್ದರು. ಆ ಸುದ್ದಿ ತೋರಿಸಿದ ಮೇಲೆ ಆ ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು ಒಂದು ದನಿ. ಬಾಗಿಲಾಚೆಯ ಗಂಡನ ದನಿಗೆ ಯಾರು? ನಮ್ಮಪ್ಪ ತೀರಿಕೊಂಡು ಎರಡು ವರ್ಷವಾಯಿತು. ಮೊಮ್ಮಗಳ ಫೋನಿನಲ್ಲಿ ಅವರು ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜುಗಳು ಹಾಗೇ ಇವೆ: ಊಟ ಆಯ್ತಾ, ಬಸ್ ಸಿಕ್ತಾ, ಮಳೆ ಬರ್ತಿದೆ ಕೊಡೆ ತಗೊಂಡು ಹೋಗು. ಅಷ್ಟು ಸಾಕಂತೆ, ಎಐ ಬಳಸಿ ಅದೇ ದನಿಯಲ್ಲಿ ಯಾವ ಮಾತನ್ನು ಬೇಕಾದರೂ ಹೇಳಿಸಬಹುದಂತೆ. ತಂಡದ ಹುಡುಗ ತುಂಬಾ ಉತ್ಸಾಹದಿಂದಲೇ ಹೇಳಿದ, ಅವನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಇವಳು ಮಾತ್ರ ಅಜ್ಜಿಯನ್ನು ಕೇಳದೆ ಮಾಡಲ್ಲ ಅಂದಳು.

ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ಬೇಡ ಪುಟ್ಟಿ. ಆ ದನಿಗೆ ನಾನು ಬಾಗಿಲು ತೆಗೆದುಬಿಡ್ತೀನಿ.’

ಈಗ ಆ ದನಿ ಕೊಡಲು ಪಕ್ಕದ ಮನೆ ಅಂಕಲ್ ಒಪ್ಪಿದ್ದಾರೆ. ಬರುವ ಭಾನುವಾರ ಶೂಟಿಂಗ್. ಬಾಗಿಲ ಮೇಲಿನ ಅಕ್ಷರ ಅಜ್ಜಿಯದೇ ಆಗಿರಬೇಕು ಅಂತ ಹುಡುಗರ ಹಟ. ಒಂಬತ್ತಕ್ಕೆ ಮಾತ್ರೆ ತಗೊಂಡು ಮಲಗ್ತೀನಿ, ನನ್ನ ಕೈ ತೋರಿಸೋದು ಅಷ್ಟರೊಳಗೆ ಮುಗಿಸಿ ಅಂದಿದ್ದಾಳೆ.