ಹಳೆಯ ಬ್ರೌಸರುಗಳೂ ದುಂಡು ಮೂಲೆಗಳೂ

ಜಾಲಪುಟದ ರೂಪವನ್ನು ನಿರ್ದೇಶಿಸುವ ಸಿಎಸ್‌ಎಸ್ ಎಂಬ ಭಾಷೆ ಪುಟದ ಪ್ರತಿಯೊಂದು ಭಾಗವನ್ನೂ ಮೂಲತಃ ಆಯತಾಕಾರದ ಪೆಟ್ಟಿಗೆಯೆಂದೇ ಎಣಿಸುವುದರಿಂದ, ಇಂದು ‘ಬಾರ್ಡರ್-ರೇಡಿಯಸ್’ ಎಂಬ ಒಂದೇ ಸಾಲಿನ ಸೂಚನೆಯಲ್ಲಿ ಮುಗಿಯುವ ದುಂಡು ಮೂಲೆಯ ಕೆಲಸ 2000ದ ದಶಕದ ವಿನ್ಯಾಸಕಾರರನ್ನು ಸಾಕಷ್ಟು ಸತಾಯಿಸಿತ್ತು. ನಾಲ್ಕು ಮೂಲೆಗಳಿಗೆ ನಾಲ್ಕು ಪುಟ್ಟ ಚಿತ್ರಗಳನ್ನು ಸಿದ್ಧಪಡಿಸಿ ಕೋಷ್ಟಕವೊಂದರ ಮೂಲೆಯ ಮನೆಗಳಲ್ಲಿ ಕೂರಿಸುವುದು ಆಗಿನ ರೂಢಿಯಾಗಿದ್ದು, ಪೆಟ್ಟಿಗೆಯ ಬಣ್ಣ ಬದಲಾದರೆ ನಾಲ್ಕನ್ನೂ ಮತ್ತೆ ಬರೆಯಬೇಕಿತ್ತು. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಪಿಎನ್‌ಜಿ ಚಿತ್ರಗಳ ಅರೆಪಾರದರ್ಶಕತೆಯನ್ನು ಸರಿಯಾಗಿ ತೋರಿಸುತ್ತಿರಲಿಲ್ಲವಾದ್ದರಿಂದ, ಪ್ರತಿ ಬಿಂದುವೂ ಪೂರ್ತಿ ಪಾರದರ್ಶಕ ಇಲ್ಲವೇ ಪೂರ್ತಿ ಅಪಾರದರ್ಶಕವಾಗಿರುವ ಜಿಐಎಫ್ ಚಿತ್ರಗಳನ್ನೇ ನೆಚ್ಚಬೇಕಾಗಿ, ಬಾಗಿದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿತ್ತು.

2005ರಲ್ಲಿ ಅಲೆಸ್ಸಾಂಡ್ರೊ ಫುಲ್ಚಿನಿತಿ ಪ್ರಕಟಿಸಿದ ‘ನಿಫ್ಟಿ ಕಾರ್ನರ್ಸ್’ ವಿಧಾನವು ಚಿತ್ರಗಳ ಹಂಗನ್ನೇ ತೊರೆದು, ತೆಳುವಾದ ಪಟ್ಟಿಗಳನ್ನು ಒಂದರ ಕೆಳಗೊಂದು, ಸ್ವಲ್ಪ ಸ್ವಲ್ಪವೇ ಅಗಲವಾಗುವಂತೆ ಪೇರಿಸಿ ಬಾಗಿನ ಭ್ರಮೆಯನ್ನು ಹುಟ್ಟಿಸಿತು. ಅಷ್ಟರಲ್ಲಿ ಫೈರ್‌ಫಾಕ್ಸ್, ಮುಂದೆ ಸಫಾರಿ, ಇನ್ನೂ ಅಂತಿಮಗೊಳ್ಳದ ‘ಬಾರ್ಡರ್-ರೇಡಿಯಸ್’ ಗುಣವನ್ನು ‘ಮೋಜ಼್’, ‘ವೆಬ್‌ಕಿಟ್’ ಎಂಬ ತಮ್ಮ ತಮ್ಮ ಪೂರ್ವಪದಗಳೊಂದಿಗೆ ಜಾರಿಗೆ ತಂದಿದ್ದವು. ಒಂದೊಂದೇ ಮೂಲೆಯನ್ನು ಸೂಚಿಸುವಾಗ ಇವೆರಡರ ಪದಕ್ರಮವೂ ಬೇರೆಯಾಗಿದ್ದುದು ಅನಗತ್ಯ ಕಿರಿಕಿರಿಯೇ ಸರಿ.

ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ 2011ರ 9ನೆಯ ಆವೃತ್ತಿಯವರೆಗೆ ಈ ಗುಣ ತಿಳಿದಿರಲಿಲ್ಲ. ಆದರೆ ರೇಖೆಗಳನ್ನು ಅಕ್ಷರರೂಪದ ಸೂಚನೆಗಳಿಂದ ಬರೆಯಿಸುವ ವಿಎಂಎಲ್ ಎಂಬ ಮೈಕ್ರೊಸಾಫ್ಟ್ ತಂತ್ರ ಅದರೊಳಗೇ ಇತ್ತು. 2010ರಲ್ಲಿ ಬಂದ ‘ಸಿಎಸ್‌ಎಸ್3 ಪೈ’ ಇದನ್ನೇ ಬಳಸಿಕೊಂಡು, ಪೆಟ್ಟಿಗೆಯ ಹಿನ್ನೆಲೆಯನ್ನು ಮರೆಮಾಡಿ, ಅದರ ಹಿಂದೆ ದುಂಡು ಮೂಲೆಯ ಆಕೃತಿಯೊಂದನ್ನು ಬರೆಯುತ್ತಿತ್ತು. ಉಪಾಯ ಜಾಣತನದ್ದಾದರೂ, ಹೊರಗಿನ ಪೆಟ್ಟಿಗೆಗೂ ಬಣ್ಣವಿದ್ದರೆ ಆ ಆಕೃತಿ ಅದರ ಹಿಂದೆ ಅಡಗಿಬಿಡುವುದಿತ್ತು. ಅಂತಹ ಪೆಟ್ಟಿಗೆಗಳು ಹೆಚ್ಚಿದಂತೆ ಪುಟವೂ ನಿಧಾನವಾಗುತ್ತಿತ್ತು.

ಇಷ್ಟೆಲ್ಲ ಶ್ರಮ ಅಗತ್ಯವಿತ್ತೇ ಎಂಬುದು ಸಹಜವಾದ ಪ್ರಶ್ನೆ. ಮೂಲೆ ಚೌಕವಾಗಿದ್ದರೂ ಓದಿಗೆ ಅಡ್ಡಿಯಿಲ್ಲ. ತನಗೆ ತಿಳಿಯದ ಸೂಚನೆಯನ್ನು ಬ್ರೌಸರು ಸದ್ದಿಲ್ಲದೆ ದಾಟಿ ಮುಂದೆ ಹೋಗಬೇಕೆಂಬುದು ಸಿಎಸ್‌ಎಸ್‌ನ ಮೂಲ ನಿಯಮವಾದ್ದರಿಂದ, ಪೂರ್ವಪದದ ಸಾಲುಗಳನ್ನು ಮೊದಲಿಗೂ ಪ್ರಮಾಣಿತ ಸಾಲನ್ನು ಕೊನೆಗೂ ಬರೆದು, ಹಳೆಯ ಬ್ರೌಸರುಗಳಿಗೆ ಚೌಕವನ್ನೇ ಬಿಟ್ಟುಕೊಟ್ಟವರ ನಿಲುವೇ ಹೆಚ್ಚು ವಿವೇಕದ್ದಾಗಿತ್ತು. ಅದೇ ನಿಯಮದಿಂದಾಗಿ, ಆ ಕಾಲದ ‘ಮೋಜ಼್’ ಸಾಲುಗಳು ಇಂದಿಗೂ ಹಲವು ಪುಟಗಳಲ್ಲಿ ಯಾರಿಗೂ ತೊಂದರೆ ಕೊಡದೆ ಉಳಿದುಕೊಂಡಿವೆ.