ಉಷ್ಣತೆ ಏರಿದಷ್ಟೂ ಶಾಖ ಹೆಚ್ಚೆ?

ಯಾವ ವಸ್ತು ಹೆಚ್ಚು ಬಿಸಿಯಾಗಿದೆಯೋ ಅದರಲ್ಲಿ ಶಾಖವೂ ಹೆಚ್ಚಾಗಿಯೇ ಇರಬೇಕೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಭೌತಶಾಸ್ತ್ರವನ್ನು ಓದಿ ಪರೀಕ್ಷೆಗಳಲ್ಲಿ ತೇರ್ಗಡೆಯಾದವರೂ ಉಷ್ಣತೆಯನ್ನೂ ಶಾಖವನ್ನೂ ಒಂದೇ ಎಂದೆಣಿಸಿ ಮಾತನಾಡುವುದುಂಟು. ಕತ್ತಿಗೆ ಸಾಣೆ ಹಿಡಿಯುವವನ ಚಕ್ರದಿಂದ ಸಿಡಿಯುವ ಕಿಡಿಗಳನ್ನು ಗಮನಿಸಿರಿ. ಹೊಳೆಯುವ ಆ ಉಕ್ಕಿನ ಕಣಗಳ ಉಷ್ಣತೆ 1000 ಡಿಗ್ರಿ ಸೆಂಟಿಗ್ರೇಡನ್ನು ಮೀರಿರುತ್ತದೆ. ಆದರೂ ಅವು ಅವನ ಮುಂಗೈಯ ಮೇಲೆ ಬಿದ್ದು, ಬಹುಮಟ್ಟಿಗೆ ಚರ್ಮವನ್ನು ಸುಡದೆಯೇ ಆರಿಹೋಗುತ್ತವೆ. ಕಣದ ದ್ರವ್ಯರಾಶಿ ಅತ್ಯಲ್ಪವಾದುದರಿಂದ ಅದು ಕೈಗೆ ಕೊಡಬಲ್ಲ ಶಾಖವೂ ಅತ್ಯಲ್ಪ. ಬಚ್ಚಲಿನ ಹಂಡೆಯಲ್ಲಿರುವ 20 ಲೀಟರ್ ನೀರಾದರೋ 60 ಡಿಗ್ರಿಯನ್ನು ದಾಟದಿದ್ದರೂ, 25 ಡಿಗ್ರಿಯಿಂದ ಅಲ್ಲಿಗೆ ಏರುವಷ್ಟರಲ್ಲಿ ಒಲೆಯಿಂದ 7 ಲಕ್ಷ ಕ್ಯಾಲೊರಿ ಶಾಖವನ್ನು ಹೀರಿಕೊಂಡಿರುತ್ತದೆ.

ವಸ್ತುವಿನ ಅಣುಗಳು ಸದಾ ಚಲನಶೀಲವಾಗಿವೆ. ಆ ಚಲನೆಯ ಸರಾಸರಿ ತೀವ್ರತೆಯನ್ನು ಸೂಚಿಸುವುದು ಉಷ್ಣತೆ. ಅಣುಗಳು ಎಷ್ಟಿವೆಯೆಂಬ ಗೊಡವೆ ಅದಕ್ಕಿಲ್ಲ. ಶಾಖವಾದರೋ, ಉಷ್ಣತೆ ಹೆಚ್ಚಿರುವೆಡೆಯಿಂದ ಕಡಮೆಯಿರುವೆಡೆಗೆ ಸಾಗುವ ಶಕ್ತಿ. ಅದು ವಸ್ತುವಿನೊಳಗೆ ತುಂಬಿಟ್ಟ ಒಂದು ಸೂಕ್ಷ್ಮ ದ್ರವವೆಂದು ಹಿಂದಿನ ವಿದ್ವಾಂಸರೂ ನಂಬಿದ್ದರು. ಮಹಾಮೇಧಾವಿಯಾದ ಲವಾಸಿಯೆಯೇ 1789ರಲ್ಲಿ ಅದನ್ನು ಮೂಲವಸ್ತುಗಳ ಪಟ್ಟಿಗೆ ಸೇರಿಸಿದನು. ಮ್ಯೂನಿಕ್ಕಿನ ಆಯುಧಾಗಾರದಲ್ಲಿ ಫಿರಂಗಿಯ ನಳಿಗೆಯನ್ನು ಮೊಂಡ ಬೈರಿಗೆಯಿಂದ ಕೊರೆಯಿಸುತ್ತಿದ್ದ ಕೌಂಟ್ ರಮ್‌ಫರ್ಡನು, ಬೆಂಕಿಯಿಲ್ಲದೆಯೇ ಕೇವಲ ಘರ್ಷಣೆಯಿಂದ ಎರಡೂವರೆ ಗಂಟೆಯಲ್ಲಿ ಸುತ್ತಲಿನ ನೀರು ಕುದಿಯುವುದನ್ನು ಕಂಡು, ಕೊರೆದಷ್ಟೂ ಕಾಲ ಹುಟ್ಟುತ್ತಲೇ ಇರುವುದು ದ್ರವವಾಗಲಾರದೆಂದು 1798ರಲ್ಲಿ ವಾದಿಸಿದನು.

ಕೈಯಿಂದ ಮುಟ್ಟಿದರೆ ಉಷ್ಣತೆ ತಿಳಿಯುತ್ತದೆಂಬುದೂ ಅಷ್ಟೇ ಪ್ರಬಲವಾದ ಭ್ರಮೆ. ಮಾಘಮಾಸದ ಮುಂಜಾನೆ ಕಬ್ಬಿಣದ ಚಿಲಕ ಕೊರೆಯುವಂತಿದ್ದು ಪಕ್ಕದ ಮರದ ಬಾಗಿಲು ಹಾಗಿಲ್ಲವಾದರೂ, ರಾತ್ರಿಯೆಲ್ಲ ಒಂದೇ ಗಾಳಿಯಲ್ಲಿದ್ದ ಅವೆರಡರ ಉಷ್ಣತೆಯೂ ಒಂದೇ. ಕಬ್ಬಿಣವು ಶಾಖವನ್ನು ಬೇಗನೆ ಸಾಗಿಸುವುದರಿಂದ ನಮ್ಮ ಬೆರಳಿನ ಶಾಖ ತ್ವರಿತವಾಗಿ ಹರಿದುಹೋಗುತ್ತದೆ; ಚರ್ಮಕ್ಕೆ ಅರಿವಾಗುವುದು ಆ ನಷ್ಟವೇ. ಕಂಬಳಿ ಶಾಖ ಕೊಡುತ್ತದೆಂಬ ಮಾತೂ ಹೀಗೆಯೇ: ಅದು ಮೈಯ ಶಾಖ ಹೊರಹೋಗದಂತೆ ತಡೆಯುವುದೇ ಹೊರತು ತಾನಾಗಿ ಏನನ್ನೂ ಕೊಡುವುದಿಲ್ಲ.

ಶಾಖ ಕೊಟ್ಟರೆ ಉಷ್ಣತೆ ಏರಲೇಬೇಕೆಂಬ ನಂಬಿಕೆ ಇವೆಲ್ಲಕ್ಕಿಂತ ಬಲವಾದುದು. ಇದನ್ನು ಮುರಿದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. 1761ರ ಸುಮಾರಿಗೆ ಅವನು ಮಾಡಿದ ಪ್ರಯೋಗದ ಸರಳತೆ ನನಗೆ ಇಂದಿಗೂ ಅತ್ಯಂತ ರಮಣೀಯವಾಗಿ ತೋರುತ್ತದೆ. ಸಮಾನವಾದ ಎರಡು ತೆಳು ಗಾಜಿನ ಬುರುಡೆಗಳಲ್ಲಿ ಸಮತೂಕದ ನೀರನ್ನು ತುಂಬಿ, ಒಂದರಲ್ಲಿರುವುದನ್ನು ಮಂಜುಗಡ್ಡೆಯಾಗಿಸಿ, ಇನ್ನೊಂದನ್ನು ಹೆಪ್ಪುಗಟ್ಟುವ ಅಂಚಿನವರೆಗೆ, ಎಂದರೆ 33 ಡಿಗ್ರಿ ಫ್ಯಾರನ್‌ಹೀಟಿಗೆ, ತಣಿಸಿ, ಎರಡನ್ನೂ 47 ಡಿಗ್ರಿ ಫ್ಯಾರನ್‌ಹೀಟಿನ ವಿಶಾಲವಾದ ಕೊಠಡಿಯೊಂದರಲ್ಲಿ ತೂಗುಹಾಕಿದನು. ನೀರು 40 ಡಿಗ್ರಿಗೆ ಏರಲು ಅರ್ಧ ಗಂಟೆ ಸಾಕಾಯಿತು; ಮಂಜು ಕರಗಿ ಅದೇ 40 ಡಿಗ್ರಿಯನ್ನು ಮುಟ್ಟಲು ಹತ್ತೂವರೆ ಗಂಟೆ, ಎಂದರೆ 21 ಪಟ್ಟು ಕಾಲ, ಹಿಡಿಯಿತು. ಅಷ್ಟು ಹೊತ್ತೂ ಅದೇ ಕೊಠಡಿಯ ಗಾಳಿ ಅದಕ್ಕೂ ಶಾಖವನ್ನು ಕೊಡುತ್ತಲೇ ಇದ್ದುದರಿಂದ, ಉಷ್ಣಮಾಪಕಕ್ಕೆ ಗೋಚರಿಸದ ಅಪಾರ ಶಾಖ ಮಂಜುಗಡ್ಡೆಯ ಗಟ್ಟಿತನವನ್ನು ಸಡಿಲಿಸುವುದರಲ್ಲಿಯೇ ವ್ಯಯವಾಯಿತೆಂದು ಅವನು ನಿರ್ಣಯಿಸಿದನು. ಗುಪ್ತೋಷ್ಣವೆಂದು ನಾವು ಓದುವುದು ಇದನ್ನೇ. ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿ ಬೇಕು.

ಅಡಿಗೆಯ ಮನೆಯಲ್ಲಿ ಈ ಸತ್ಯ ದಿನವೂ ಕಣ್ಣಮುಂದೆ ನಡೆಯುತ್ತಿದೆ. ತೆರೆದ ಪಾತ್ರೆಯಲ್ಲಿ ಅನ್ನ ಕೊತಕೊತನೆ ಕುದಿಯತೊಡಗಿದ ಮೇಲೂ ಬೇಗ ಬೇಯಲೆಂದು ಉರಿಯನ್ನು ಹೆಚ್ಚಿಸುವವರು ಎಷ್ಟೋ ಮಂದಿ. ಆದರೆ ಕುದಿಯುವ ನೀರಿನ ಉಷ್ಣತೆ ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ, ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ ನಿಂತುಬಿಡುತ್ತದೆ. ಹೆಚ್ಚಿನ ಉರಿ ನೀರನ್ನು ಬೇಗ ಆವಿಯಾಗಿಸುವುದಲ್ಲದೆ ಅಕ್ಕಿಯನ್ನು ಬೇಗ ಬೇಯಿಸುವುದಿಲ್ಲ. ಕುದಿ ಬಂದೊಡನೆ ಉರಿಯನ್ನು ತಗ್ಗಿಸಿದರೆ ಸೌದೆಯೋ ಗ್ಯಾಸೋ ಉಳಿಯುತ್ತದೆ, ಅನ್ನ ಅಷ್ಟೇ ಹೊತ್ತಿಗೆ ಆಗುತ್ತದೆ.

ಹಾಗೆ ಆವಿಯಾದ ಪ್ರತಿ ಗ್ರಾಂ ನೀರೂ ಸುಮಾರು 540 ಕ್ಯಾಲೊರಿ ಶಾಖವನ್ನು ಒಯ್ದಿರುತ್ತದೆ. ಕುದಿಯುವ ನೀರು ಕೈಮೇಲೆ ಚೆಲ್ಲಿದರೆ, ಅದು ಮೈಯ ಉಷ್ಣತೆಗೆ ಇಳಿಯುವಷ್ಟರಲ್ಲಿ ಗ್ರಾಮಿಗೆ ಅರುವತ್ತು ಚಿಲ್ಲರೆ ಕ್ಯಾಲೊರಿಯನ್ನು ಬಿಡುತ್ತದೆ. ಅದೇ 100 ಡಿಗ್ರಿಯ ಆವಿಯಾದರೋ ಚರ್ಮದ ಮೇಲೆ ನೀರಾಗುವಾಗಲೇ ತಾನು ಹೊತ್ತು ತಂದ 540ನ್ನು ಸುರಿದು, ಆ ಬಳಿಕ ಆ ಅರುವತ್ತನ್ನೂ ಕೊಡುತ್ತದೆ. ಆದುದರಿಂದಲೇ ಇಡ್ಲಿಯ ಪಾತ್ರೆಯ ಮುಚ್ಚಳವನ್ನು ಅನುಭವಸ್ಥರು ಮುಖದತ್ತ ಎತ್ತದೆ, ಆವಿ ಆಚೆಗೆ ಹೋಗುವಂತೆ ಓರೆ ಮಾಡಿ ತೆಗೆಯುತ್ತಾರೆ.