ಅಕ್ಟೋಬರ್ ೨: ಹಾರ ಹಾಕಿ ಏಳುವ ಮುನ್ನ



ಯುಗಾದಿ, ಗೌರಿ, ಮಹಾಲಯ ಅಮಾವಾಸ್ಯೆ ಇವೆಲ್ಲ ತಿಥಿಯನ್ನು ನೋಡಿಕೊಂಡು ಬರುವ ಹಬ್ಬಗಳು. ಒಂದು ವರ್ಷ ಮುಂಚೆ, ಒಂದು ವರ್ಷ ತಡವಾಗಿ. ಆದರೆ ನಮ್ಮ ಹೊಲಗಳಲ್ಲಿ ರಾಗಿ ತೆನೆ ಒಡೆಯುವ ಕಾಲಕ್ಕೆ ಬರುವ ಒಂದು ದಿನ ಮಾತ್ರ ಕ್ಯಾಲೆಂಡರಿನಲ್ಲಿ ಕದಲುವುದಿಲ್ಲ. ಅದು ಅಕ್ಟೋಬರ್ ೨. ಗಾಂಧೀಜಿಯವರ ಪಟಕ್ಕೆ ಹಾರ, ಮಕ್ಕಳಿಗೆ ಸಿಹಿ, ಕಚೇರಿಗೆ ರಜೆ. ಇಷ್ಟಕ್ಕೆ ದಿನ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಈ ಒಂದೇ ತಾರೀಖಿನ ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿರಿ. ಅವುಗಳಲ್ಲಿ ಹೆಚ್ಚಿನವು ಹಳ್ಳಿಯ ಮನೆಬಾಗಿಲಿಗೆ ಬಂದು ನಿಲ್ಲುತ್ತವೆ.

ಈ ದಿನ ಹುಟ್ಟಿದವರು

ಮಹಾತ್ಮ ಗಾಂಧಿಯವರು ೧೮೬೯ನೆಯ ಇಸವಿ ಅಕ್ಟೋಬರ್ ೨ರಂದು ಗುಜರಾತಿನ ಪೋರಬಂದರಿನಲ್ಲಿ ಜನಿಸಿದರು. ಇದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಸೀಮೆಗೂ ಅವರಿಗೂ ಇದ್ದ ನಂಟು ಅಷ್ಟಾಗಿ ಗೊತ್ತಿಲ್ಲ. ೧೯೨೭ರಲ್ಲಿ ಅವರ ಆರೋಗ್ಯ ಕೆಟ್ಟಾಗ, ವಿಶ್ರಾಂತಿಗೆಂದು ಬಂದು ಸುಮಾರು ಒಂದೂವರೆ ತಿಂಗಳು ಇದ್ದದ್ದು ನಂದಿಬೆಟ್ಟದಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹೊಲದಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಬೆಟ್ಟವೇ ಅದು. ಅಲ್ಲಿಂದ ಬೆಂಗಳೂರಿಗೆ ಇಳಿದ ಮೇಲೆ ಅವರು ಅಲ್ಲಿನ ಸರ್ಕಾರಿ ಹೈನುಗಾರಿಕೆ ಸಂಸ್ಥೆಗೆ ಹೋಗಿ, ಹಸುಗಳ ಸಾಕಣೆಯನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು.

ಲಾಲ್ ಬಹದ್ದೂರ್ ಶಾಸ್ತ್ರಿಯವರು ೧೯೦೪ರಲ್ಲಿ ಇದೇ ದಿನ ಮೊಗಲ್‌ಸರಾಯಿಯಲ್ಲಿ ಹುಟ್ಟಿದರು. ೧೯೬೪ರಲ್ಲಿ ಪ್ರಧಾನಮಂತ್ರಿಯಾದಾಗ ದೇಶದಲ್ಲಿ ಧಾನ್ಯದ ಅಭಾವ. ೧೯೬೫ರಲ್ಲಿ ಯುದ್ಧವೂ ಬಂದಿತು. ಆಗ ಅವರು ಯೋಧನಿಗೂ ರೈತನಿಗೂ ಒಂದೇ ಉಸಿರಿನಲ್ಲಿ ಜಯಕಾರ ಹೇಳಿದರು. ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿದರು. ರೈತನ ಬೆಳೆಗೆ ನ್ಯಾಯವಾದ ಬೆಲೆ ಏನೆಂದು ಸರ್ಕಾರಕ್ಕೆ ಸಲಹೆ ಕೊಡುವ ಆಯೋಗ ಏರ್ಪಟ್ಟದ್ದು ಅವರ ಕಾಲದಲ್ಲಿ, ೧೯೬೫ರಲ್ಲಿ. ಇಂದು ನೀವು ರಾಗಿಗೆ ಕೇಳುವ ಬೆಂಬಲ ಬೆಲೆಯ ಬೇರು ಅಲ್ಲಿದೆ. ೧೯೬೪ರ ಅಕ್ಟೋಬರ್ ಕೊನೆಯಲ್ಲಿ ಅವರು ಗುಜರಾತಿನ ಆನಂದ್ ಬಳಿಯ ಒಂದು ಹಳ್ಳಿಯಲ್ಲಿ ರಾತ್ರಿ ತಂಗಿ, ಹಾಲಿನ ಸಹಕಾರ ಸಂಘ ಹೇಗೆ ನಡೆಯುತ್ತದೆಂದು ಜನರ ಬಾಯಿಂದಲೇ ಕೇಳಿದರು. ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು. ಆ ಪದ್ಧತಿ ೧೯೭೦ರ ದಶಕದಲ್ಲಿ ನಮ್ಮ ರಾಜ್ಯಕ್ಕೆ ಬಂದಿತು. ಬೆಳಗಿನ ಜಾವ ನೀವು ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುವುದು ಆ ದಾರಿಯ ಮುಂದುವರಿಕೆಯೇ.

ಈ ದಿನ ತೀರಿಕೊಂಡವರು

ಚಿತ್ರಕಾರ ರಾಜಾ ರವಿವರ್ಮರು ೧೯೦೬ರ ಅಕ್ಟೋಬರ್ ೨ರಂದು ಕಾಲವಾದರು. ಮೈಸೂರು ಅರಮನೆಗೂ ಚಿತ್ರ ಬರೆದವರು ಅವರು. ಆದರೆ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿಯರ ಚಿತ್ರಗಳನ್ನು ಮುದ್ರಿಸಿದ್ದರಿಂದ, ಅರಮನೆಯ ಗೋಡೆಯ ಮೇಲಿದ್ದದ್ದು ಬಡವನ ಗೋಡೆಗೂ ಬಂದಿತು.

ನೆರೆಯ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕಾಮರಾಜರು ೧೯೭೫ರಲ್ಲಿ ಇದೇ ದಿನ ತೀರಿಕೊಂಡರು. ಹಸಿದ ಮಗು ಶಾಲೆಗೆ ಬಾರದು ಎಂಬುದನ್ನು ಅರಿತು, ೧೯೫೦ರ ದಶಕದಲ್ಲಿಯೇ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಹಾಕಿಸಿದವರು ಅವರು. ಈಗ ಒಂದು ವಿಷಯವನ್ನು ಗಮನಿಸಿರಿ. ಅವರು ಕಣ್ಣು ಮುಚ್ಚಿದ ಆ ದಿನವೇ, ೧೯೭೫ರ ಅಕ್ಟೋಬರ್ ೨ರಂದು, ದೇಶದ ೩೩ ಕಡೆ ಮಕ್ಕಳ ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ನಿಮ್ಮ ಊರಿನ ಅಂಗನವಾಡಿ ಆ ಯೋಜನೆಯ ಕುಡಿ.

ಈ ದಿನ ಆರಂಭವಾದ ಕೆಲಸಗಳು

೧೯೫೨ರ ಅಕ್ಟೋಬರ್ ೨ರಂದು, ಗಾಂಧೀಜಿಯವರ ಹುಟ್ಟಿದ ದಿನವೆಂದೇ ಆರಿಸಿಕೊಂಡು, ಸಮುದಾಯ ಅಭಿವೃದ್ಧಿ ಯೋಜನೆಯನ್ನು ೫೫ ಕಡೆ ಪ್ರಾರಂಭಿಸಿದರು. ಒಂದೊಂದು ಯೋಜನೆಗೆ ಸುಮಾರು ೩೦೦ ಹಳ್ಳಿಗಳು, ೨ ಲಕ್ಷ ಜನ. ಮರುವರ್ಷ ಇದೇ ತಾರೀಖಿಗೆ ರಾಷ್ಟ್ರೀಯ ವಿಸ್ತರಣಾ ಸೇವೆ ಸೇರಿಕೊಂಡಿತು. ಬಿತ್ತನೆ, ಗೊಬ್ಬರ, ಬಾವಿ, ರಸ್ತೆ, ಶಾಲೆ, ಆರೋಗ್ಯ ಎಲ್ಲಕ್ಕೂ ಊರೂರು ತಿರುಗುವ ಗ್ರಾಮಸೇವಕನೆಂಬುವನು ಹಳ್ಳಿಗೆ ಬಂದದ್ದು ಹೀಗೆ. ನನ್ನ ಕೆಲಸದ ಜಾತಕವೂ ಅಲ್ಲಿಯೇ ಇದೆ.

ಅದರ ಉದ್ದೇಶ ಒಂದೇ ಆಗಿತ್ತು. ಕೆಲಸ ಹಳ್ಳಿಯವರದು, ಸರ್ಕಾರದ್ದು ನೆರವು ಮಾತ್ರ. ಐದು ವರ್ಷ ಕಳೆದ ಮೇಲೆ, ೧೯೫೭ರಲ್ಲಿ, ಬಲವಂತರಾಯ್ ಮೆಹ್ತಾ ಅವರ ಸಮಿತಿ ಪರಿಶೀಲಿಸಿ ನೋಡಿದಾಗ ಅದು ತಲೆಕೆಳಗಾಗಿತ್ತು. ಕೆಲಸ ಸರ್ಕಾರದ್ದಾಗಿತ್ತು, ಜನ ನೋಡುತ್ತ ನಿಂತಿದ್ದರು. ಅಧಿಕಾರವನ್ನೇ ಜನರು ಆರಿಸಿದ ಪಂಚಾಯಿತಿಗಳಿಗೆ ಒಪ್ಪಿಸಬೇಕೆಂದು ಸಮಿತಿ ಹೇಳಿತು. ಅದರಂತೆ ೧೯೫೯ರ ಅಕ್ಟೋಬರ್ ೨ರಂದು ರಾಜಸ್ಥಾನದ ನಾಗೌರಿನಲ್ಲಿ ಪ್ರಧಾನಿ ನೆಹರೂ ಅವರು ಪಂಚಾಯತ್ ರಾಜ್ಯಕ್ಕೆ ನಾಂದಿ ಹಾಡಿದರು. ನಮ್ಮ ಮೈಸೂರು ರಾಜ್ಯದಲ್ಲಿಯೂ ಆ ವರ್ಷವೇ ಪಂಚಾಯಿತಿ ಕಾಯಿದೆ ಆಯಿತು. ಮುಂದೆ ೧೯೮೭ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಅದರ ಹಿಂದಿನ ವರ್ಷವಷ್ಟೇ ಹುಟ್ಟಿತ್ತು. ೧೯೯೩ರಲ್ಲಿ ಸಂವಿಧಾನವೇ ತಿದ್ದುಪಡಿಯಾಗಿ ಗ್ರಾಮಸಭೆಗೆ ಅದರಲ್ಲಿ ಜಾಗ ದೊರೆಯಿತು. ಮುಂದಿನ ವರ್ಷದ ಕೆಲಸಗಳನ್ನು ಜನರೇ ಕೂಡಿ ಗೊತ್ತುಮಾಡುವ ಅಭಿಯಾನವನ್ನು ದೇಶದಲ್ಲಿ ಮೊದಲು ಆರಂಭಿಸಿದ್ದೂ ೨೦೧೮ರ ಅಕ್ಟೋಬರ್ ೨ರಂದೇ.

ನನ್ನದೊಂದು ತಪ್ಪು

ಇಷ್ಟೆಲ್ಲ ಬರೆದವನು ತನ್ನ ತಪ್ಪನ್ನು ಮುಚ್ಚಿಡಬಾರದು. ಕಳೆದ ವರ್ಷ ಈ ದಿನ ನಾನು ಓಡಾಡುವ ಒಂದು ಊರಿನಲ್ಲಿ ಗ್ರಾಮಸಭೆ ಇತ್ತು. ಪಟಕ್ಕೆ ಹಾರ ಹಾಕಿದೆವು, ಕೇಸರಿಬಾತು ತಿಂದೆವು, ಪುಸ್ತಕಕ್ಕೆ ಸಹಿ ಹಾಕಿ ಎದ್ದೆವು. ನಾನೂ ಎದ್ದೆ. ಹಿಂದೆ ಉಳಿದ ನಾಲ್ಕೈದು ಜನ ಕೂತು ಕೆಲಸಗಳ ಪಟ್ಟಿಯನ್ನು ಬರೆದರು. ಊರ ಕೆರೆಗೆ ನೀರು ತರುವ ಕಾಲುವೆಯಲ್ಲಿ ಹೂಳು ತುಂಬಿ, ಲಂಟಾನ ಬೆಳೆದಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಪಟ್ಟಿಯಲ್ಲಿ ಮಾತ್ರ ಬರಲಿಲ್ಲ. ಈ ಸಲ ಒಳ್ಳೆಯ ಮಳೆಯೇ ಬಿದ್ದಿತು. ನೀರು ಕಾಲುವೆ ಬಿಟ್ಟು ಅಡ್ಡ ಹರಿದು, ಇಬ್ಬರ ಹೊಲದ ಮಣ್ಣನ್ನೂ ಕೊಚ್ಚಿಕೊಂಡು ಹೋಯಿತು. ಕೆರೆಗೆ ಅರ್ಧ ನೀರೂ ಬರಲಿಲ್ಲ. ಸಾವಿರ ಅಡಿ ಕೊರೆದರೂ ಕೊಳವೆಬಾವಿ ಒಣಗುವ ನಮ್ಮ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಆ ಊರಿನ ಅಜ್ಜಿಯೊಬ್ಬರು ಕೆರೆ ಏರಿಯ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದರು: “ಅವತ್ತು ಸಭೇಲಿ ನೀನೂ ಇದ್ದಲ್ಲಪ್ಪ, ಕಾಲುವೆ ಮಾತು ಯಾಕೆ ಎತ್ತಲಿಲ್ಲ?”

“ನೀವೂ ಬರಬಹುದಿತ್ತಲ್ಲ, ಅಜ್ಜಿ” ಎಂದೆ.

“ಕರೆದೋರು ಯಾರಪ್ಪ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸಭೆಯ ಸುದ್ದಿಯನ್ನು ಅವರ ಬೀದಿಗೆ ಯಾರೂ ಮುಟ್ಟಿಸಿರಲಿಲ್ಲ. ನಾನೂ ಮುಟ್ಟಿಸಿರಲಿಲ್ಲ.

ನಾವು ಮಾಡತಕ್ಕದ್ದು

ಮೊದಲನೆಯದು: ಸಭೆಯ ಹಿಂದಿನ ದಿನ ತಮಟೆ ಸಾರಿಸಿರಿ. ಫೋನಿನಲ್ಲಿ ಸುದ್ದಿ ಕಳಿಸಿದರೆ ಸಾಲದು. ಫೋನಿಲ್ಲದ ಮನೆಗೆ ಒಬ್ಬರು ಹೋಗಿ ಹೇಳಬೇಕು. ಊರ ಕೊನೆಯ ಬೀದಿಯಿಂದ ಶುರುಮಾಡುವುದು ಒಳ್ಳೆಯದು.

ಎರಡನೆಯದು: ಗ್ರಾಮಸಭೆಗೆ ಮೊದಲು ವಾರ್ಡು ಸಭೆ ಉಂಟು. ನಿಮ್ಮ ಬೀದಿಯ ಚರಂಡಿ, ದೀಪ, ನಲ್ಲಿಯ ಮಾತು ಅಲ್ಲಿ ಆಗಲಿ. ಆಗ ಗ್ರಾಮಸಭೆಯಲ್ಲಿ ಕೆರೆ, ಕಾಲುವೆ, ಅಂಗನವಾಡಿಯಂಥ ಊರೊಟ್ಟಿನ ಕೆಲಸಕ್ಕೆ ಹೊತ್ತು ಸಿಗುತ್ತದೆ.

ಮೂರನೆಯದು: ನಮ್ಮ ಕಾಯಿದೆಯಂತೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ೧೦೦ ಜನ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಜನ ಕೂಡಿದರೇ ಗ್ರಾಮಸಭೆಗೆ ಕೋರಂ. ಸಹಿಯ ಲೆಕ್ಕ ಬೇಡ, ಕೂತವರ ಲೆಕ್ಕ ಹಾಕಿರಿ.

ನಾಲ್ಕನೆಯದು: ಕಳೆದ ವರ್ಷ ಒಪ್ಪಿದ ಕೆಲಸಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಎಷ್ಟು ಹಣ ಖರ್ಚಾಯಿತು ಎಂದು ಮೊದಲು ಓದಿಸಿರಿ. ಆಮೇಲೆ ಹೊಸ ಪಟ್ಟಿ ಬರೆಯಲಿ.

ಐದನೆಯದು: ನೀವು ಹೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿರಿ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದದ್ದನ್ನು ಮುಂದಿನ ವರ್ಷ ತೋರಿಸಿ ಕೇಳಬಹುದು.

ಗಾಂಧೀಜಿಯವರು ಐವತ್ತೇಳರ ವಯಸ್ಸಿನಲ್ಲಿ ಹಸು ಸಾಕುವುದನ್ನು ಕೇಳಿ ಕಲಿತರು. ಶಾಸ್ತ್ರಿಯವರು ಹಳ್ಳಿಯ ಮನೆಯಲ್ಲಿ ಕೂತು ಹಾಲಿನ ಲೆಕ್ಕ ಕೇಳಿದರು. ಅಂಥವರು ಹುಟ್ಟಿದ ದಿನ ನಾವು ಏನನ್ನೂ ಕೇಳದೆ ಎದ್ದುಬಂದರೆ, ಹಾರ ಹಾಕಿ ಏನು ಫಲ?

ಈ ಅಕ್ಟೋಬರ್ ೨ರಂದು ಆ ಅಜ್ಜಿಯ ಬೀದಿಗೆ ನಾನೇ ಹೋಗಿ ಕರೆಯುತ್ತೇನೆ. ಕಾಲುವೆಯ ಹೂಳೆತ್ತುವ ಕೆಲಸವನ್ನು ಪಟ್ಟಿಯ ಮೊದಲಿಗೆ ಬರೆಸುವವರೆಗೆ ಏಳುವುದಿಲ್ಲ. ನಿಮ್ಮ ಊರಿನ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಯಾವುದು? ಅದನ್ನು ಮನೆಯವರೊಡನೆ ಈಗಲೇ ಮಾತಾಡಿಕೊಂಡು, ಎಲ್ಲರೂ ಸಭೆಗೆ ಬನ್ನಿರಿ.